ಟೌ ಕಣದ ಸಾಕ್ಷ್ಯವನ್ನು ಹೊರಗಿಟ್ಟದ್ದು ಸರಿಯೇ?

ನಮಸ್ಕಾರ. 2021ರ ಏಪ್ರಿಲ್‌ನಲ್ಲಿ ಅಮೆರಿಕದ ಫರ್ಮಿಲ್ಯಾಬ್‌ನಿಂದ ಬಂದ ಸುದ್ದಿ ನಿಮಗೆ ನೆನಪಿರಬಹುದು. ಎಲೆಕ್ಟ್ರಾನಿನ ಭಾರವಾದ ಸೋದರ ಮ್ಯೂಯಾನ್ ಕಣದ ಕಾಂತಗುಣ ಸಿದ್ಧಾಂತದ ಲೆಕ್ಕಕ್ಕಿಂತ ತುಸು ಹೆಚ್ಚಿದೆ, ಮೂಲಕಣಗಳನ್ನು ವಿವರಿಸುವ ಭೌತವಿಜ್ಞಾನದ ಸ್ಟ್ಯಾಂಡರ್ಡ್ ಮಾಡೆಲ್ ಬಿರುಕು ಬಿಡುತ್ತಿದೆ ಎಂದು ಪತ್ರಿಕೆಗಳು ಬರೆದವು. ಆ ಗದ್ದಲದಲ್ಲಿ ಮೂಲೆಗುಂಪಾಗಿದ್ದ ಇನ್ನೊಂದು ಕಣದ ಪರವಾಗಿ ಇಂದು ಮಾತನಾಡುತ್ತೇನೆ. ಅದರ ಹೆಸರು ಟೌ ಲೆಪ್ಟಾನ್.

1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಸ್ಲಾಕ್ ಪ್ರಯೋಗಾಲಯದಲ್ಲಿ ಮಾರ್ಟಿನ್ ಪರ್ಲ್ ಮತ್ತು ಸಂಗಡಿಗರು ಇದನ್ನು ಕಂಡುಹಿಡಿದರು. ಪರ್ಲ್ ಅವರಿಗೆ 1995ರಲ್ಲಿ ನೊಬೆಲ್ ಬಂತು. ಟೌ ಎಲೆಕ್ಟ್ರಾನಿನ ಬಳಗದ್ದೇ, ಆದರೆ ಸುಮಾರು 3,500 ಪಟ್ಟು ಭಾರ. ಸೆಕೆಂಡನ್ನು ಲಕ್ಷ ಕೋಟಿ ಪಾಲು ಮಾಡಿ, ಅದರ ಒಂದು ಪಾಲಿನಲ್ಲಿ ಮೂರನೇ ಒಂದು ಭಾಗ ಕಳೆಯುವಷ್ಟರಲ್ಲಿ ಅದರ ಆಯಸ್ಸು ಮುಗಿಯುತ್ತದೆ. ನೂರು ಟೌಗಳಲ್ಲಿ ಸುಮಾರು ಇಪ್ಪತ್ತೈದು, ವಿದ್ಯುದಾವೇಶವಿರುವ ಒಂದು ಪಯಾನ್ (ಕ್ವಾರ್ಕ್ ಎಂಬ ಮೂಲಕಣಗಳಿಂದಾದ ಹಗುರ ಕಣ), ಆವೇಶವಿಲ್ಲದ ಒಂದು ಪಯಾನ್ ಮತ್ತು ಕಣ್ಣಿಗೆ ಸಿಗದೆ ಜಾರಿಹೋಗುವ ಒಂದು ನ್ಯೂಟ್ರಿನೊ ಆಗಿ ಒಡೆಯುತ್ತವೆ; ಈ ಒಡೆಯುವಿಕೆಗೆ ಕ್ಷಯ ಎನ್ನುತ್ತಾರೆ.

ಈ ಜೋಡಿ ಪಯಾನ್‌ಗಳಿಗೂ ಮ್ಯೂಯಾನಿಗೂ ಏನು ನಂಟು? ಮ್ಯೂಯಾನಿನ ಕಾಂತಗುಣವನ್ನು ಲೆಕ್ಕ ಹಾಕುವಾಗ ನಿರ್ವಾತದಲ್ಲಿ ಕ್ಷಣಕಾಲ ಮೂಡಿ ಮರೆಯಾಗುವ ಕ್ವಾರ್ಕ್‌ಗಳ ಪಾಲನ್ನೂ ಸೇರಿಸಬೇಕು. ಅದನ್ನು ಕಾಗದ, ಪೆನ್ಸಿಲ್ ಹಿಡಿದು ಬಿಡಿಸಲಾಗದು. ಹಾಗಾಗಿ ಎಲೆಕ್ಟ್ರಾನ್ ಮತ್ತು ಅದರ ಪ್ರತಿಕಣವಾದ ಪಾಸಿಟ್ರಾನ್‌ಗಳನ್ನು ಡಿಕ್ಕಿ ಹೊಡೆಸಿ, ಎರಡು ಪಯಾನ್‌ಗಳು ಎಷ್ಟು ಬಾರಿ ಹೊರಬರುತ್ತವೆ ಎಂದು ಎಣಿಸುತ್ತಾರೆ. ಆ ಪಾಲಿನ ಮುಕ್ಕಾಲಿನಷ್ಟು ಇಲ್ಲಿಂದಲೇ ಬರುತ್ತದೆ. ಟೌ ಕ್ಷಯವೂ ಇದೇ ಮಾಹಿತಿಯನ್ನು ಬೇರೊಂದು ಬಾಗಿಲಿನಿಂದ ಕೊಡುತ್ತದೆ. 1998ರಲ್ಲೇ ಇದನ್ನು ಬಳಸಬಹುದೆಂದು ತೋರಿಸಲಾಗಿತ್ತು.

ತೊಡಕು ಶುರುವಾದದ್ದು ಎರಡೂ ಉತ್ತರಗಳು ತಾಳೆಯಾಗದಿದ್ದಾಗ. ಟೌ ಕೊಟ್ಟ ಸಂಖ್ಯೆ ದೊಡ್ಡದಿತ್ತು. ಅದನ್ನು ನಂಬಿದರೆ ಮ್ಯೂಯಾನಿನ ಬಿರುಕು ಸಾಕಷ್ಟು ಕಿರಿದಾಗುತ್ತಿತ್ತು. ಟೌ ಅಳತೆಯನ್ನು ಮ್ಯೂಯಾನಿನ ಲೆಕ್ಕಕ್ಕೆ ತರಲು ಕೆಲವು ಸೂಕ್ಷ್ಮ ತಿದ್ದುಪಡಿಗಳು ಬೇಕು, ಅವುಗಳ ಬಗ್ಗೆ ಒಮ್ಮತವಿಲ್ಲ ಎಂಬ ಕಾರಣಕ್ಕೆ ಹಲವು ಸಿದ್ಧಾಂತಿಗಳು ಸೇರಿ ಮಾಡಿದ 2020ರ ಸೈದ್ಧಾಂತಿಕ ಸಮೀಕ್ಷೆ ಅದನ್ನು ಅಂತಿಮ ಲೆಕ್ಕದಿಂದ ಹೊರಗಿಟ್ಟಿತು. ಕಾರಣ ನಿಜವಾದದ್ದೇ, ಒಪ್ಪುತ್ತೇನೆ. ಆದರೆ ಲೆಕ್ಕದೊಳಗಿದ್ದ ಡಿಕ್ಕಿ ಪ್ರಯೋಗಗಳೇನು ಒಂದೇ ಮಾತು ಹೇಳುತ್ತಿದ್ದವೇ? ಇಟಲಿಯ ಕ್ಲೋಯಿ ಪ್ರಯೋಗಕ್ಕೂ ಅಮೆರಿಕದ ಬಾಬಾರ್ ಪ್ರಯೋಗಕ್ಕೂ ಆಗಲೇ ಜಗಳವಿತ್ತು. ಅವರಿಬ್ಬರ ನಡುವೆ ಸರಾಸರಿ ತೆಗೆದು, ದೋಷದ ಅಂದಾಜನ್ನು ಸ್ವಲ್ಪ ಹಿಗ್ಗಿಸಿ ಮುಂದೆ ಸಾಗಿದರು. ಅದೇ ಔದಾರ್ಯ ಟೌಗೆ ಸಿಗಲಿಲ್ಲ. ನನ್ನ ತಕರಾರು ಇರುವುದು ಇಲ್ಲಿಯೇ.

2023ರಲ್ಲಿ ರಷ್ಯದ ನೊವೊಸಿಬಿರ್ಸ್ಕ್‌ನಿಂದ ಸಿಎಂಡಿ-3 ಪ್ರಯೋಗದ ಫಲಿತಾಂಶ ಬಂತು. ಡಿಕ್ಕಿಯ ಬಾಗಿಲಿನಿಂದಲೇ ಬಂದ ಆ ಸಂಖ್ಯೆ ಹಳೆಯವುಗಳಿಗಿಂತ ದೊಡ್ಡದು, ಟೌ ಹೇಳಿದ್ದಕ್ಕೆ ಹತ್ತಿರ! 2025ರ ಸಮೀಕ್ಷೆ ಮಹಾಗಣಕಗಳ ಲೆಕ್ಕಾಚಾರವನ್ನು ಆಧರಿಸಿತು; ಫರ್ಮಿಲ್ಯಾಬ್‌ನ ಅಂತಿಮ ಅಳತೆಯ ಪಕ್ಕದಲ್ಲಿಟ್ಟರೆ ಈಗ ಬಿರುಕು ಕಾಣುವುದಿಲ್ಲ. ಹಳೆಯ ಪ್ರಯೋಗಗಳು ಸಿಎಂಡಿ-3ರೊಂದಿಗೆ ಏಕೆ ಹೊಂದುವುದಿಲ್ಲ ಎಂಬ ಪ್ರಶ್ನೆ ಹಾಗೆಯೇ ನಿಂತಿದೆ.

ಹಾಗಾದರೆ ಟೌ ಅಳತೆ ಸುಲಭವೇ? ಖಂಡಿತ ಅಲ್ಲ. ಜಪಾನಿನ ಬೆಲ್ ಪ್ರಯೋಗ 2008ರಲ್ಲಿ ಇಂಥ 54 ಲಕ್ಷ ಕ್ಷಯಗಳನ್ನು ಕಲೆಹಾಕಿ, ಟೌ ಹೀಗೆ ಒಡೆಯುವ ಪ್ರಮಾಣ ಶೇ. 25.24 ಎಂದಿತು. ಎಣಿಕೆಯಿಂದ ಬರುವ ಅನಿಶ್ಚಿತತೆ ಕೇವಲ 0.01. ಉಪಕರಣ ಮತ್ತು ವಿಧಾನದಿಂದ ಬರುವುದು 0.39! ಸುಮಾರು ನಲವತ್ತು ಪಟ್ಟು. ಆವೇಶವಿಲ್ಲದ ಪಯಾನ್ ಹುಟ್ಟಿದೊಡನೆ ಎರಡು ಬೆಳಕಿನ ಕಣಗಳಾಗುತ್ತದೆ. ಅವನ್ನು ಹರಳುಗಳಲ್ಲಿ ಹಿಡಿಯಬೇಕು, ಎಷ್ಟು ತಪ್ಪಿಸಿಕೊಂಡವು ಎಂಬುದಕ್ಕೂ ಲೆಕ್ಕ ಕೊಡಬೇಕು. ಜಿನೀವಾದ ಅಲೆಫ್ ಪ್ರಯೋಗದ ಬಳಿ ಇದಕ್ಕಿಂತ ಎಷ್ಟೋ ಕಡಿಮೆ ಟೌಗಳಿದ್ದವು, ಆದರೂ ಈ ಪ್ರಮಾಣವನ್ನು ಅದು ಹೆಚ್ಚು ನಿಖರವಾಗಿ ಅಳೆದಿತ್ತು. ಆ ಪ್ರಯೋಗದ ಯಂತ್ರ 2000ದಲ್ಲೇ ನಿಂತುಹೋಯಿತು. ಅಂಥ ತಾಳ್ಮೆಯ ಕೆಲಸಕ್ಕೆ ತಲೆಬರಹ ಸಿಗುವುದಿಲ್ಲ ಎಂಬುದು ನನಗೆ ನೋವಿನ ಸಂಗತಿ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಬಿ. ಅನಂತನಾರಾಯಣ್ ಮತ್ತು ಸಂಗಡಿಗರು ಇದೇ ಜೋಡಿ ಪಯಾನ್‌ಗಳ ಕಡಿಮೆ ಶಕ್ತಿಯ ಭಾಗವನ್ನು ಗಣಿತದ ಬಿಗಿಯಾದ ನಿಯಮಗಳಿಂದ ಕಟ್ಟಿಹಾಕಲು ವರ್ಷಗಟ್ಟಲೆ ದುಡಿದಿದ್ದಾರೆ. ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯೂ ಹಲವು ಐಐಟಿಗಳೂ ಜಪಾನಿನ ತ್ಸುಕುಬಾದಲ್ಲಿರುವ, ಬೆಲ್‌ನ ಉತ್ತರಾಧಿಕಾರಿಯಾದ ಬೆಲ್-2 ಪ್ರಯೋಗದಲ್ಲಿ ಪಾಲುದಾರರು. ಬಿ ಮೆಸಾನ್ ಎಂಬ ಭಾರದ ಕಣಗಳಿಗಾಗಿ ಕಟ್ಟಿದ ಆ ಯಂತ್ರದಲ್ಲಿ ಟೌ ಜೋಡಿಗಳೂ ಹೆಚ್ಚುಕಡಿಮೆ ಅಷ್ಟೇ ಸಂಖ್ಯೆಯಲ್ಲಿ ಹುಟ್ಟುತ್ತವೆ. ಕ್ಷಯಗಳಿಗೆ ಅಲ್ಲಿ ಬರವಿಲ್ಲ. ಇಳಿಯಬೇಕಾದದ್ದು ಆ 0.39.