ನಲ್ಲಾರ್ಬರ್ ಬಯಲಿನ ಸೈಕಲ್ ದಾರಿ

ಕೇಳುಗರಿಗೆ ನಮಸ್ಕಾರ.

ಸೈಕಲ್ ಮೇಲೆ ಪರದೇಶ ಸುತ್ತುವ ಹುಚ್ಚು ಹಿಡಿದವರಿಗೆ ಆಸ್ಟ್ರೇಲಿಯದ ನಲ್ಲಾರ್ಬರ್ ಬಯಲೆಂದರೆ ಒಂದು ಸೆಳೆತ. ಪಶ್ಚಿಮದ ನಾರ್ಸ್‌ಮನ್‌ನಿಂದ ಪೂರ್ವದ ಸೆಡೂನಾಕ್ಕೆ ಸುಮಾರು 1,200 ಕಿಲೋಮೀಟರ್. ನಡುವೆ ಊರು ಅಂತ ಹೇಳುವಂಥದ್ದು ಇಲ್ಲವೆಂದೇ ಲೆಕ್ಕ; ಪೆಟ್ರೋಲು, ಊಟ, ಹಾಸಿಗೆ ಮೂರೂ ಒಂದೇ ಕಡೆ ಸಿಗುವ ರೋಡ್‌ಹೌಸ್‌ಗಳೇ ಗತಿ. ಬ್ಯಾಲಡೋನಿಯಾ ಬಿಟ್ಟರೆ ಮುಂದಿನ ಕೈಗೂನಾಕ್ಕೆ 182 ಕಿಲೋಮೀಟರ್. ಅದರಲ್ಲಿ 146 ಕಿಲೋಮೀಟರ್ ರಸ್ತೆಗೆ ಒಂದೇ ಒಂದು ತಿರುವಿಲ್ಲ.

1896ರಲ್ಲಿ ಆರ್ಥರ್ ರಿಚರ್ಡ್‌ಸನ್ ಎಂಬಾತ ಕೂಲ್‌ಗಾರ್ಡಿಯಿಂದ ಅಡಿಲೇಡ್‌ವರೆಗೆ, ಟೆಲಿಗ್ರಾಫ್ ತಂತಿಯ ಜಾಡು ಹಿಡಿದು, 31 ದಿನ ತುಳಿದ. ಅವನನ್ನು ಕಾಡಿದ್ದು ಬಿಸಿಲು ಮತ್ತು ಮರಳು. ಈಗ ಡಾಂಬರು ಇದೆ, ಆದರೆ ಅದರ ಮೇಲೆ ರೋಡ್ ಟ್ರೇನ್‌ಗಳೂ ಇವೆ. ಹಿಂದೆ ಎರಡೆರಡು ಟ್ರೇಲರ್ ಕಟ್ಟಿಕೊಂಡು, 36 ಮೀಟರ್ ಉದ್ದದ ಲಾರಿ, ಗಂಟೆಗೆ ನೂರರ ಆಸುಪಾಸಿನ ವೇಗದಲ್ಲಿ ಪಕ್ಕದಲ್ಲೇ ಹಾಯುತ್ತದೆ. ಮೊದಲು ಅದರ ಗಾಳಿ ನಮ್ಮನ್ನು ಎಡಕ್ಕೆ ದಬ್ಬುತ್ತದೆ. ಬಾಲ ದಾಟುವಾಗ ರಸ್ತೆಯ ಕಡೆಗೇ ಎಳೆಯುತ್ತದೆ. ಚೀಲ ಹೇರಿದ ಸೈಕಲ್ ಓಲಾಡುವುದು ಆಗಲೇ.

ಅಲ್ಲೂ ನಮ್ಮ ಹಾಗೆ ಎಡಬದಿಯ ಸಂಚಾರ. ಹಾಗೆಂದು ಹಾರ್ನ್ ಕೇಳಿದ ಮೇಲೆ ಸರಿದರಾಯಿತು ಎಂಬ ನಮ್ಮ ರೂಢಿ ನಡೆಯದು, ಅಲ್ಲಿನವರು ಸುಮ್ಮಸುಮ್ಮನೆ ಹಾರ್ನ್ ಹೊಡೆಯುವುದಿಲ್ಲ. ಎದುರುಗಾಳಿ ಇದ್ದರಂತೂ ಕಿವಿ ತುಂಬ ಅದರದೇ ಸದ್ದು, ಹಿಂದಿನ ಲಾರಿ ಕೇಳಿಸುವುದೇ ಇಲ್ಲ. ಹೆಲ್ಮೆಟ್ಟಂತೂ ಆ ದೇಶದಲ್ಲಿ ಕಡ್ಡಾಯ. ಆದರೆ ಈ ದಾರಿಯಲ್ಲಿ ಹ್ಯಾಂಡಲ್ಲಿನ ಬಲತುದಿಗೆ ಸಿಗಿಸಿದ ಪುಟ್ಟ ಕನ್ನಡಿ ಅದಕ್ಕಿಂತ ಮೊದಲು ಕೆಲಸಕ್ಕೆ ಬರುತ್ತದೆ ಎಂಬುದು ನನ್ನ ಅಭಿಪ್ರಾಯ. ವೇಗದ ಹೆದ್ದಾರಿಯಲ್ಲಿ ಸೈಕಲ್ಲಿನಿಂದ ಒಂದೂವರೆ ಮೀಟರ್ ದೂರ ಬಿಟ್ಟು ಹೋಗಬೇಕೆಂಬ ಕಾನೂನೇನೋ ಇದೆ. ಎದುರಿಗೊಂದು, ಹಿಂದೊಂದು ಲಾರಿ ನಿಮ್ಮ ಹತ್ತಿರವೇ ಸಂಧಿಸುವಂತಿದ್ದರೆ ಆ ಕಾನೂನನ್ನು ನೆಚ್ಚಿ ಕೂರಬೇಡಿ. ಮೊದಲೇ ವೇಗ ಇಳಿಸಿ, ಜಲ್ಲಿಗೆ ಇಳಿದು ನಿಂತುಬಿಡಿ. ಮರ್ಯಾದೆ ಹೋಗುವುದೇನೂ ಇಲ್ಲ!

ಇನ್ನೊಂದು ವಿಷಯ ಹಲವರಿಗೆ ಹೊಳೆಯುವುದಿಲ್ಲ. ಬೆನ್ನಿಗೆ ಗಾಳಿ ಸಿಗಲೆಂದು ಹೆಚ್ಚಿನವರು ಪಶ್ಚಿಮದಿಂದ ಪೂರ್ವಕ್ಕೆ ಹೊರಡುತ್ತಾರೆ. ಬೆಳಗ್ಗೆ ಹಿಂದಿನಿಂದ ಬರುವ ಚಾಲಕನ ಕಣ್ಣಿಗೆ ಆಗಷ್ಟೇ ಹುಟ್ಟಿದ ಸೂರ್ಯ ನೇರ ಕುಕ್ಕುತ್ತಿರುತ್ತಾನೆ. ನಿಮ್ಮ ಹಳದಿ ಅಂಗಿ ಅವನಿಗೆ ಕಾಣುವುದು ಅನುಮಾನ. ಬಿಸಿಲು ಮೇಲೇರುವವರೆಗೆ ರೋಡ್‌ಹೌಸಿನಲ್ಲೇ ಇನ್ನೊಂದು ಕಾಫಿ ಕುಡಿಯಿರಿ. ಅಲ್ಲಿ ತಿಂಡಿಗೆ ಕೂತ ಲಾರಿಯವರಿಗೆ ನೀವು ಯಾವ ಕಡೆ ಹೊರಟಿದ್ದೀರಿ ಎಂದು ಹೇಳಿಬಿಡಿ. ಅವರ ರೇಡಿಯೋದ 40ನೇ ಚಾನೆಲ್ಲಿನಲ್ಲಿ ಆ ಸುದ್ದಿ ನಿಮಗಿಂತ ಮುಂಚೆಯೇ ಮುಂದಿನ ಲಾರಿಗೆ ತಲುಪಬಹುದು.