ನಮ್ಮನೆಯವರು, ವುಡ್‌ಬಿ, ಪಾರ್ಟ್‌ನರ್

ಎಲ್ಲರಿಗೂ ನಮಸ್ಕಾರ. ‘ನನ್ನ ಗಂಡ’ ಅಂತ ನೇರವಾಗಿ ಹೇಳುವುದು ನಮ್ಮ ಎಷ್ಟೋ ಹೆಂಗಸರಿಗೆ ಇವತ್ತಿಗೂ ಮುಜುಗರ. ‘ನಮ್ಮ ಯಜಮಾನ್ರು ಊರಲ್ಲಿಲ್ಲ’ ಅನ್ನುತ್ತಾರೆ. ಕರೆಯುವಾಗ ಬರೀ ‘ರೀ’. ಉತ್ತರ ಕರ್ನಾಟಕದ ಮದುವೆಗಳಲ್ಲಿ ಒಡಪು ಹೇಳಿಸುವುದನ್ನು ನೀವು ನೋಡಿರಬಹುದು. ಹೊಸ ಸೊಸೆಯನ್ನು ಹೊಸ್ತಿಲಲ್ಲೇ ತಡೆದು, ‘ಗಂಡನ ಹೆಸರು ಹೇಳಿ ಒಳಗ ಬಾ’ ಎಂದು ನಾದಿನಿಯರು ಹಟ ಹಿಡಿಯುತ್ತಾರೆ. ಅವಳು ಪ್ರಾಸ ಕಟ್ಟಿ, ಹೆಸರನ್ನು ಅದರೊಳಗೆ ತೂರಿಸಿ, ನಾಚಿಕೊಂಡು ಒಳಗೆ ಹೋಗುತ್ತಾಳೆ. ಆಮೇಲೆ ಆ ಹೆಸರು ಅವಳ ಬಾಯಲ್ಲಿ ಬರುತ್ತಿದ್ದದ್ದೇ ಅಪರೂಪ. ಗಂಡನೂ ಒಡಪು ಹೇಳುತ್ತಾನೆ. ಆದರೆ ಮರುದಿನದಿಂದ ಅವಳನ್ನು ಹೆಸರು ಹಿಡಿದೇ ಕೂಗುತ್ತಾನೆ.

ಈಗ ಈ ಕಟ್ಟು ಸಡಿಲಾಗಿದೆ. ‘ಬಾರೋ’, ‘ಹೋಗೋ’ ಎಂದು ಗಂಡನನ್ನು ಕರೆಯುವ ಹುಡುಗಿಯರು ಬೇಕಾದಷ್ಟಿದ್ದಾರೆ. ‘ಯಜಮಾನ’ ಹಿಂದೆ ಸರಿದರೆ ನನಗಂತೂ ಬೇಸರವಿಲ್ಲ. ‘ನಮ್ಮನೆಯವರು’ ಮಾತ್ರ ಉಳಿಯಲಿ. ಗಂಡ ಹೇಳಿದರೂ ಹೆಂಡತಿ ಹೇಳಿದರೂ ಅದು ಒಂದೇ ಮಾತು, ಅಲ್ವಾ?

ತಾಳಿ ಕಟ್ಟುವ ಮುಂಚೆ ಏನನ್ನಬೇಕು? ನಿಶ್ಚಿತಾರ್ಥ ಆಗಿದ್ದರೆ ‘ವುಡ್‌ಬಿ’. ಇಂಗ್ಲಿಷಿನಲ್ಲಿ ಅರ್ಧಕ್ಕೆ ನಿಂತ ಮಾತು, ನಮ್ಮಲ್ಲಿ ಪೂರ್ತಿ ನೆಂಟಸ್ತನ! ಅದಕ್ಕೂ ಮುಂಚೆ ಅಮ್ಮನ ಎದುರು ‘ಸುಮ್ನೆ ಫ್ರೆಂಡ್’, ಗೆಳತಿಯರ ಎದುರು ‘ನಮ್ ಹುಡುಗ’. ‘ಪಾರ್ಟ್‌ನರ್’ ಅಂದರೆ ಹಿರಿಯರು ‘ಏನು ಬಿಸಿನೆಸ್ಸು?’ ಅನ್ನುತ್ತಾರೆ. ನಕ್ಕರೂ ಆ ಮಾತು ಕೆಲವರಿಗೆ ಬೇಕೇ ಬೇಕು. ಸಲಿಂಗ ಪ್ರೇಮ ಅಪರಾಧವಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 2018ರಲ್ಲಿ. ಆದರೆ 2023ರಲ್ಲಿ ಅಂಥವರಿಗೆ ಮದುವೆಯ ಮಾನ್ಯತೆ ಕೊಡಲು ಅದೇ ಕೋರ್ಟ್ ಒಪ್ಪಲಿಲ್ಲ. ಒಂದೇ ಸೂರಿನಡಿ ಬಾಳುವ ಇಬ್ಬರು ಹೆಂಗಸರು ಆಸ್ಪತ್ರೆಯ ಫಾರಂನಲ್ಲಿ ‘ಸಂಬಂಧ’ ಎಂಬ ಜಾಗದಲ್ಲಿ ಏನು ಬರೆಯಬೇಕು? ‘ಸಂಗಾತಿ’ ಅಂತ ಬರೆಯುತ್ತಾರೆ, ಇಲ್ಲವೇ ‘ಅಕ್ಕ’ ಅಂತ ಸುಳ್ಳು ಬರೆಯುತ್ತಾರೆ.

ಇನ್ನು ಹೆಣ್ಣು-ಗಂಡಿನ ವಿಚಾರ. ಹಿಂದಿಯಲ್ಲಿ ‘ನಾನು ಹೋಗ್ತೀನಿ’ ಅನ್ನಬೇಕಾದರೂ ಗಂಡೋ ಹೆಣ್ಣೋ ತೋರಿಸಿಕೊಳ್ಳಬೇಕು. ಕನ್ನಡದಲ್ಲಿ ಆ ಕಷ್ಟವಿಲ್ಲ. ತೊಡಕು ಬರುವುದು ‘ಬಂದ’, ‘ಬಂದಳು’ ಅನ್ನುವಲ್ಲಿ. ಅಲ್ಲೂ ‘ಬಂದರು’ ಕೈಹಿಡಿಯುತ್ತದೆ. ಟ್ರಾನ್ಸ್ ಮಹಿಳೆ, ಅಂದರೆ ಗಂಡಾಗಿ ಹುಟ್ಟಿದರೂ ಹೆಣ್ಣಾಗಿ ಬಾಳುವ ಕಲಾವಿದೆ ಮಂಜಮ್ಮ ಜೋಗತಿಯವರು ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರ ಪದ್ಮಶ್ರೀ ಪಡೆದರು. ಇಷ್ಟು ಹೇಳಲು ಯಾವ ಹೊಸ ವ್ಯಾಕರಣವೂ ಬೇಕಾಗಲಿಲ್ಲ ನೋಡಿ. ಆದರೆ ಒಂದೇ ಬೆಂಚಿನ ಗೆಳೆಯರ ನಡುವೆ ‘ಬಂದರು’ ಅಂದರೆ ಯಾರೋ ಮೇಷ್ಟ್ರು ಬಂದ ಹಾಗೆ ಕೇಳಿಸುತ್ತದೆ. ಅಲ್ಲಿ ‘ಬಂದಳು ಅನ್ಲಾ, ಬಂದ ಅನ್ಲಾ?’ ಎಂದು ಅವರನ್ನೇ ಕೇಳಿಬಿಡುವುದು ವಾಸಿ. ಜೋಗತಿ, ಮಂಗಳಮುಖಿ, ಟ್ರಾನ್ಸ್ ಅನ್ನುವ ಮಾತುಗಳಿಗೂ ಇದೇ ದಾರಿ. ಒಬ್ಬರಿಗೆ ಹೆಮ್ಮೆಯಾದದ್ದು ಇನ್ನೊಬ್ಬರಿಗೆ ಒಗ್ಗದಿರಬಹುದು.

‘ಅದು’ ಅನ್ನುವುದರ ಕಥೆ ಬೇರೆ. ಹವ್ಯಕರ ಮನೆಮಾತಿನಲ್ಲಿ ಹೆಂಗಸರನ್ನೂ ‘ಅದು’ ಅನ್ನುತ್ತಾರೆ. ಅಲ್ಲಿ ಅದು ಸಲಿಗೆ, ಯಾರಿಗೂ ನೋವಿಲ್ಲ. ಸಿಗ್ನಲ್‌ನಲ್ಲಿ ಟ್ರಾನ್ಸ್ ಮಹಿಳೆಯೊಬ್ಬರನ್ನು ಕಂಡು ಕಾರಿನ ಗಾಜು ಏರಿಸುತ್ತಾ ‘ಅದು ಬಂತು ನೋಡು’ ಅಂದರೆ ಅದು ಬೈಗುಳ. ಹೊರಗೆ ನಿಂತವರಿಗೆ ಗಾಜಿನಾಚೆಯಿಂದಲೂ ಕೇಳಿಸುತ್ತದೆ.