ನಮ್ಮ ಮನೆಯ ಏರು ಹತ್ತುವ ಕಾರು

ವಿಡಿಯೋದಲ್ಲಿ ಈಗ ಕಾಣುತ್ತಿರುವುದು ನಮ್ಮ ಮನೆಗೆ ಹೋಗುವ ಏರು. ನಮ್ಮದು ಕೇರಳದ ಕಾಸರಗೋಡು. ಬದಿಯಡ್ಕದಿಂದ ಪೆರ್ಲದ ಕಡೆಗೆ ಬಂದು, ಡಾಮರು ರಸ್ತೆ ಬಿಟ್ಟು ಒಳಗೆ ತಿರುಗಿದರೆ ಮೊದಲು ಅಡಿಕೆ ತೋಟ, ಆಮೇಲೆ ಇದು. ಅರ್ಧದವರೆಗೆ ಎರಡು ಪಟ್ಟಿ ಕಾಂಕ್ರೀಟು ಇದೆ. ಅಲ್ಲಿಂದ ಮೇಲೆ ಬರೀ ಮುರಕಲ್ಲು, ಕೆಂಪು ಮಣ್ಣು. ಕ್ಯಾಮೆರಾದಲ್ಲಿ ಚಪ್ಪಟೆಯಾಗಿ ಕಾಣುತ್ತದೆ, ನಂಬಬೇಡಿ. ಗ್ಯಾಸ್ ಸಿಲಿಂಡರ್ ತರುವ ಹುಡುಗ ಪ್ರತಿ ಸಲ ಕೆಳಗೆ ನಿಂತು ಒಮ್ಮೆ ಮೇಲೆ ನೋಡುತ್ತಾನೆ. ಆಮೇಲೆ ಫೋನ್ ಮಾಡುತ್ತಾನೆ. "ಓಮ್ನಿ ಕೆಳಗೆ ತರ್ತೀರಾ ಅಕ್ಕಾ?"

ಆ ಓಮ್ನಿಗೆ ವಯಸ್ಸಾಯಿತು. ಅಮ್ಮನ ಮಂಡಿನೋವಿಗೆ ತಿಂಗಳಿಗೊಮ್ಮೆ ಮಂಗಳೂರಿಗೆ ಹೋಗಬೇಕು. ಗಡಿಯ ತಲಪಾಡಿ ದಾಟುವಷ್ಟರಲ್ಲಿ ಅಮ್ಮನ ಸೊಂಟವೂ ಹಿಡಿದಿರುತ್ತದೆ. ಹಾಗಾಗಿ ಈ ಸಲ ಅಡಿಕೆ ಕೊಟ್ಟ ಮೇಲೆ ಅಪ್ಪ ನಾಲ್ಕು ಲಕ್ಷ ತೆಗೆದಿಟ್ಟರು. ಅದರಲ್ಲೂ 25 ಸಾವಿರ ಮುಟ್ಟುವ ಹಾಗಿಲ್ಲ. "ಸೆಕೆಂಡ್ ಹ್ಯಾಂಡ್ ಗಾಡಿ ಮನೆಗೆ ಬಂದ ಮೇಲೆ ಒಂದು ಸಲ ಕೇಳಿಯೇ ಕೇಳ್ತದೆ" ಅಂದರು. ಟಯರು, ಬ್ಯಾಟರಿ, ಆಯಿಲ್ಲು. ಅಪ್ಪನ ಈ ಲೆಕ್ಕ ನನಗೆ ಆಗ ಜಿಪುಣತನ ಅನ್ನಿಸಿತ್ತು.

ನನಗೆ ಬೇಕಾಗಿದ್ದು ಸ್ವಲ್ಪ ದೊಡ್ಡ ಹ್ಯಾಚ್‌ಬ್ಯಾಕ್. ಪೋಲೊ, ಸ್ವಿಫ್ಟ್, ಜಾಝ್, ಬಲೆನೊ, ಐ20, ಈ ಸಾಲು. ವಿಡಿಯೋಗಳನ್ನು ನೋಡಿ ನೋಡಿ ಒಂದು ಪಟ್ಟಿ ಮಾಡಿದ್ದೆ. ಟಚ್ ಸ್ಕ್ರೀನ್ ಎಷ್ಟು ಇಂಚು ಅಂತ ಬರೆದಿದ್ದೆ. ಈ ಏರಿನ ಬಗ್ಗೆ ಒಂದು ಸಾಲೂ ಇರಲಿಲ್ಲ.

ಅದನ್ನು ಹೇಳಿದ್ದು ಗ್ಯಾರೇಜಿನ ಕಾಕ. ನಮ್ಮ ಓಮ್ನಿಯನ್ನು ಇಷ್ಟು ವರ್ಷ ಓಡಿಸಿದ್ದು ನಾವಾದರೂ ಬದುಕಿಸಿದ್ದು ಅವರು. ನನ್ನನ್ನು ಕರೆಯುವುದು ಮೋಳೇ ಅಂತ, ಮಲಯಾಳದಲ್ಲಿ ಮಗಳೇ. "ಮೋಳೇ, ಓಮ್ನಿಗೆ ಎಳೆಯುವ ಚಕ್ರ ಹಿಂದೆ ಉಂಟು. ಗೋಣಿ ಹಾಕಿದಷ್ಟೂ ಹತ್ತುತ್ತದೆ. ನೀನು ಹೇಳುವ ಕಾರಿಗೆಲ್ಲ ಮುಂದೆ." ಏರು ಹತ್ತುವಾಗ ಭಾರ ಹಿಂದಕ್ಕೆ ಸರಿಯುತ್ತದೆ. ಮುಂದಿನ ಚಕ್ರಕ್ಕೆ ಹಿಡಿತ ಕಡಿಮೆ ಆಗುತ್ತದೆ. ಡಿಕ್ಕಿಯಲ್ಲಿ ಎರಡು ಗೋಣಿ ಅಡಿಕೆ ಇಟ್ಟರೆ ಇನ್ನೂ ಕಡಿಮೆ. ಇಷ್ಟು ಸರಳ ವಿಷಯ. ಪಟ್ಟಿಯ ಅರ್ಧ ಅಲ್ಲೇ ಅರ್ಥ ಕಳೆದುಕೊಂಡಿತು.

ಡೀಸೆಲ್ಲಿನ ಆಸೆ ಬೇಗ ಬಿಟ್ಟೆ. ನಾವು ಓಡಿಸುವುದು ತಿಂಗಳಿಗೆ 500 ಕಿಲೋಮೀಟರ್, ಜಾಸ್ತಿ ಅಂದರೆ 600. ಅಷ್ಟಕ್ಕೆ ಡೀಸೆಲ್ ಉಳಿಸುವ ದುಡ್ಡು ಒಂದು ದೊಡ್ಡ ರಿಪೇರಿಗೆ ಸಾಕಾಗುವುದಿಲ್ಲ. ಮಾರುತಿಯವರಂತೂ 2020ರ ಏಪ್ರಿಲ್‌ನಲ್ಲಿ ಹೊಗೆಯ ಹೊಸ ನಿಯಮ ಬಿಎಸ್6 ಬಂದಾಗ ಡೀಸೆಲ್ ಕಾರು ಮಾಡುವುದನ್ನೇ ನಿಲ್ಲಿಸಿದರು. ಇನ್ನು ಪೆಟ್ರೋಲ್ ವಿಷಯ. ನಮ್ಮ ಕಡೆಯವರು ಟ್ಯಾಂಕ್ ಎಲ್ಲಿ ತುಂಬಿಸುತ್ತಾರೆ ಅಂತ ತಲಪಾಡಿ ಆಚೆಯ, ಕರ್ನಾಟಕದ ಬಂಕಿನ ಸಾಲು ನೋಡಿದರೆ ಗೊತ್ತಾಗುತ್ತದೆ.

ಮೊದಲು ಮನಸ್ಸು ಹೋದದ್ದು ಮಂಗಳೂರಿನ ಒಂದು ಪೋಲೊ ಮೇಲೆ. 2015ರ ಪೆಟ್ರೋಲ್, ಕೆಂಪು ಬಣ್ಣ. ಬಾಗಿಲು ಹಾಕಿದಾಗ ಬರುವ ಸದ್ದು ಇದೆಯಲ್ಲ, ಹಳೆಯ ಮನೆಯ ಹಲಸಿನ ಮರದ ಪೆಟ್ಟಿಗೆ ಮುಚ್ಚಿದ ಹಾಗೆ. 2014ರ ಆರಂಭದಲ್ಲಿ ಕಾರುಗಳ ಸುರಕ್ಷತೆ ಪರೀಕ್ಷಿಸುವ ಗ್ಲೋಬಲ್ ಎನ್‌ಕ್ಯಾಪ್‌ನವರು ಏರ್‌ಬ್ಯಾಗ್ ಇಲ್ಲದ ಪೋಲೊವನ್ನು ಗುದ್ದಿಸಿ ನೋಡಿದಾಗ ಸೊನ್ನೆ ಸ್ಟಾರ್ ಬಂದಿತ್ತು. ಎರಡು ಏರ್‌ಬ್ಯಾಗ್ ಇದ್ದ ಅದೇ ಕಾರಿಗೆ ನಾಲ್ಕು. ಆಮೇಲೆ ಕಂಪನಿ ಎಲ್ಲ ಪೋಲೊಗಳಿಗೂ ಎರಡು ಏರ್‌ಬ್ಯಾಗ್ ಕೊಟ್ಟಿತು. ಹಾಗಾಗಿ ಹಳೆಯ ಪೋಲೊ ನೋಡುವವರು ಯಾವ ವರ್ಷದ್ದು ಅಂತ ಮೊದಲು ಕೇಳಿ.

ಬೆಲೆ ಮೂರೂಕಾಲು ಲಕ್ಷ. ನಾನು ಅಲ್ಲೇ ಮುಂಗಡ ಕೊಡುವವಳಿದ್ದೆ. ಅಪ್ಪ ನಂಬರ್ ಪ್ಲೇಟ್ ತೋರಿಸಿದರು. ಕೆಎ 19, ಮಂಗಳೂರಿನ ನಂಬರು.

ಗಡಿಯಲ್ಲಿ ಇರುವವರಿಗೆ ಇದು ಹೊಸ ಕಥೆಯಲ್ಲ. ಮಂಗಳೂರು ನಮಗೆ ಆಸ್ಪತ್ರೆ, ಬಟ್ಟೆ ಅಂಗಡಿ, ಕಾಲೇಜು, ಎಲ್ಲವೂ. ಕಾರಿಗೆ ಮಾತ್ರ ಅದು ಬೇರೆ ರಾಜ್ಯ. 12 ತಿಂಗಳಿಗಿಂತ ಜಾಸ್ತಿ ಇಲ್ಲಿ ಇಟ್ಟುಕೊಂಡರೆ ಇಲ್ಲಿನ ನಂಬರು ಹಾಕಿಸಲೇಬೇಕು. ಅದಕ್ಕೆ ಅಲ್ಲಿಯ ಆರ್‌ಟಿಒದಿಂದ ಎನ್‌ಒಸಿ, ಅಂದರೆ ಆಕ್ಷೇಪ ಇಲ್ಲ ಅನ್ನುವ ಪತ್ರ, ಫಾರ್ಮ್ 28. ಮೇಲೆ ಸಾಲ ಇದ್ದರೆ ಅದು ತೀರಿದೆ ಅನ್ನುವುದಕ್ಕೆ ಫಾರ್ಮ್ 35. ಆಮೇಲೆ ಇಲ್ಲಿ ಕಾರಿನ ವಯಸ್ಸಿಗೆ ತಕ್ಕ ತೆರಿಗೆ ಕಟ್ಟಬೇಕು. ಕರ್ನಾಟಕದಲ್ಲಿ ಕಟ್ಟಿದ್ದರ ಉಳಿದ ಭಾಗ ವಾಪಸ್ ಕೇಳಬಹುದು, ಸರಿ. ಆದರೆ ಮೊದಲು ಇಲ್ಲಿ ಕೈಯಿಂದ ಹೋಗುತ್ತದೆ, ಅಲ್ಲಿಂದ ಬರುವುದು ಬಂದಾಗ. ಇದನ್ನೆಲ್ಲ ಕೂಡಿಸಿದ ಮೇಲೆ ಆ ಮೂರೂಕಾಲು ಮೂರೂಕಾಲಾಗಿ ಉಳಿಯಲಿಲ್ಲ. ವಾಪಸ್ ಬರುವಾಗ ನಾನು ಮಾತಾಡಲಿಲ್ಲ. ಅಪ್ಪ ಉಪ್ಪಳದಲ್ಲಿ ಗಾಡಿ ನಿಲ್ಲಿಸಿ ಎಳನೀರು ಕೊಡಿಸಿದರು.

ಅಲ್ಲಿಗೆ ತೀರ್ಮಾನ ಆಯಿತು. ಕೆಎಲ್ 14, ಅಂದರೆ ನಮ್ಮ ಕಾಸರಗೋಡಿನ ನಂಬರಿನ ಗಾಡಿಯೇ ನೋಡುವುದು.

ಎರಡನೆಯದು ಸ್ವಿಫ್ಟ್. ಎಲ್ಲಿ, ಯಾರದ್ದು ಅಂತ ಹೇಳುವುದಿಲ್ಲ. ಬರುವ ಮುಂಚೆ ಇಂಜಿನ್ ಸ್ಟಾರ್ಟ್ ಮಾಡಬೇಡಿ ಅಂತ ಫೋನಿನಲ್ಲಿ ಹೇಳಿದ್ದೆ. "ಇಲ್ಲ ಇಲ್ಲ, ನಿನ್ನೆಯಿಂದ ಹಾಗೇ ನಿಂತಿದೆ" ಅಂದರು. ಹೋದ ಕೂಡಲೇ ಕಾಕ ಸುಮ್ನೆ ಮಾತಾಡುತ್ತಾ ಬಾನೆಟ್ ಮೇಲೆ ಕೈ ಇಟ್ಟರು. ನನ್ನ ಕಡೆ ನೋಡಿದರು. ನಾನೂ ಇಟ್ಟೆ. ಈಗಷ್ಟೇ ದೋಸೆ ತೆಗೆದ ಕಾವಲಿಯ ಅಂಚಿನ ಹಾಗೆ ಬಿಸಿ. ತಣ್ಣಗಿರುವ ಇಂಜಿನ್ ಮೊದಲ ಸಲ ಎದ್ದಾಗಲೇ ಅದರ ಕೆಮ್ಮು, ಹೊಗೆ, ಸದ್ದು ಗೊತ್ತಾಗುವುದು. ಅದನ್ನು ಮುಚ್ಚಿಡಲು ಯಾರೋ ಬೆಳಿಗ್ಗೆಯೇ ಓಡಿಸಿ ಇಟ್ಟಿದ್ದರು.

ಮೀಟರಿನಲ್ಲಿ 41 ಸಾವಿರ ಚಿಲ್ಲರೆ. ಕ್ಲಚ್ ಪೆಡಲಿನ ರಬ್ಬರ್ ಮಾತ್ರ ಹೊಚ್ಚ ಹೊಸದು, ಪಕ್ಕದ ಬ್ರೇಕಿನದು ಸವೆದು ನುಣುಪಾಗಿತ್ತು. ಆಮೇಲೆ ಬಾನೆಟ್ ಎತ್ತಿದಾಗ, ಮೂಲೆಯಲ್ಲಿ ಎಣ್ಣೆಮಣ್ಣು ಹಿಡಿದ ಒಂದು ಪುಟ್ಟ ಸ್ಟಿಕ್ಕರ್. ಆಯಿಲ್ ಬದಲಿಸಿದವರು ಅಂಟಿಸುವುದು. ನಾನು ಹೆಬ್ಬೆರಳಿನಿಂದ ಉಜ್ಜಿದೆ. ಮುಂದಿನ ಸರ್ವಿಸ್: 78,000 ಕಿಲೋಮೀಟರಿಗೆ.

ಕಾಕ ಏನೂ ಹೇಳಲಿಲ್ಲ. "ನೋಕ್ಕಾಂ", ಅಂದರೆ ನೋಡುವಾ, ಅಂದು ಬಾನೆಟ್ ಇಳಿಸಿದರು. ಅವರು ಹಾಗೆ ಅಂದರೆ ಮುಗಿಯಿತು ಅಂತ ಅರ್ಥ. ಇಷ್ಟಾದರೂ ಮಾರುವವರು ಅಪ್ಪನ ಹತ್ತಿರವೇ ಮಾತಾಡುತ್ತಿದ್ದರು, ಕಾರು ಓಡಿಸುವವಳು ನಾನು ಅಂತ ಎರಡು ಸಲ ಹೇಳಿದ ಮೇಲೂ.

ಐ20 ಒಂದು ನೋಡಿದೆವು. ಚೆನ್ನಾಗಿತ್ತು. ಬೆಲೆ ನಮ್ಮದಲ್ಲ.

ಜಾಝ್ ಬಗ್ಗೆ ಸ್ವಲ್ಪ ಹೇಳಬೇಕು, ಯಾಕೆಂದರೆ ಅಮ್ಮನಿಗೆ ಅದೇ ಇಷ್ಟವಾಗಿದ್ದು. ಕುಂಬಳೆಯಲ್ಲಿ ಇತ್ತು, 2016ರದ್ದು. ಬಾಗಿಲು ದೊಡ್ಡದು, ಸೀಟಿನ ಎತ್ತರ ಹದ. ಅಮ್ಮ ಬೆನ್ನು ತಿರುಗಿಸಿ ಕೂತರು, ಎರಡೂ ಕಾಲು ಒಟ್ಟಿಗೆ ಒಳಗೆ ತಂದರು, ಮುಖದಲ್ಲಿ ನೋವು ಕಾಣಲಿಲ್ಲ. ಪೆಟ್ರೋಲ್ ಟ್ಯಾಂಕನ್ನು ಮುಂದಿನ ಸೀಟಿನ ಅಡಿಯಲ್ಲಿ ಇಟ್ಟಿದ್ದಾರೆ. ಹಾಗಾಗಿ ಮೇಲಿನ ವೇರಿಯಂಟಿನಲ್ಲಿ ಹಿಂದಿನ ಸೀಟಿನ ಬುಡವನ್ನೇ ಮೇಲಕ್ಕೆ ಮಡಚಬಹುದು. ಪ್ಲಾಸ್ಟಿಕ್ ತೊಟ್ಟೆಯಲ್ಲಿರುವ ಅಡಿಕೆ ಸಸಿ ನೆಟ್ಟಗೆ ನಿಲ್ಲುತ್ತದೆ! ನಾನು ಅದನ್ನು ನಾಲ್ಕು ಸಲ ಮಡಚಿ ಬಿಡಿಸಿ ಆಟ ಆಡಿದೆ.

ಮಾರುವವರು ಒಳ್ಳೆಯವರು. ನಮ್ಮ ಏರಿನವರೆಗೆ ತಂದು ತೋರಿಸಲು ಒಪ್ಪಿದರು. ನಾಲ್ಕು ಜನ ಕೂತೆವು, ಎಸಿ ಹಾಕಿದೆವು, ಹತ್ತಿಸಿದೆವು. ಅರ್ಧಕ್ಕೆ ಬಂದು ಇಂಜಿನ್ ಉಸಿರು ಬಿಟ್ಟಿತು. ಎಸಿ ಆರಿಸಿ, ಕ್ಲಚ್ ಸ್ವಲ್ಪ ಹಿಡಿದು, ಆಕ್ಸಿಲರೇಟರ್ ಜಾಸ್ತಿ ಕೊಟ್ಟ ಮೇಲೆ ಹತ್ತಿತು. ಕೆಟ್ಟ ಇಂಜಿನ್ ಅಲ್ಲ. 90 ಕುದುರೆ ಶಕ್ತಿ ಇದೆ, ಆದರೆ ಅದು ಬರುವುದು ಜೋರಾಗಿ ಓಡಿಸಿದಾಗ. ಹೆದ್ದಾರಿಯಲ್ಲಿ ಚಂದ. ದಿನಾ ಎರಡು ಸಲ ಹೀಗೆ ಕ್ಲಚ್ ಸುಟ್ಟುಕೊಂಡು ಮನೆಗೆ ಬರಲು ಆಗುವುದಿಲ್ಲ. ಅಮ್ಮ ಮಾತ್ರ ಇಳಿಯುವಾಗಲೂ ಸೀಟನ್ನು ಒಮ್ಮೆ ಸವರಿದರು.

ಕೊನೆಗೆ ಬಲೆನೊ. ನಿಜ ಹೇಳಬೇಕೆಂದರೆ ನನಗೆ ಅದರ ಮೇಲೆ ಆಸೆಯೇ ಇರಲಿಲ್ಲ. ಬಾಗಿಲು ಹಾಕಿದರೆ ಬಿಸ್ಕತ್ತಿನ ಡಬ್ಬ ಮುಚ್ಚಿದ ಸದ್ದು. ಎಲ್ಲರ ಮನೆಯಲ್ಲೂ ಇದೆ. ಆದರೆ ಆ ಡಬ್ಬದ ಸದ್ದೇ ಇಲ್ಲಿ ಉಪಕಾರಕ್ಕೆ ಬಂತು. ಪೆಟ್ರೋಲ್ ಬಲೆನೊ 900 ಕಿಲೋಗಿಂತಲೂ ಕಡಿಮೆ ತೂಕ. ಜಾಝ್ ಸಾವಿರದ ಮೇಲೆ. ಇಂಜಿನ್ ಎರಡಕ್ಕೂ 1.2 ಲೀಟರ್. ಅದೇ ನಾಲ್ಕು ಜನ, ಅದೇ ಎಸಿ. ಫಸ್ಟ್ ಗೇರಿನಲ್ಲಿ ಹತ್ತಿಯೇ ಬಿಟ್ಟಿತು. ಅಂಗಳದಲ್ಲಿ ಒಣಗಲು ಹಾಕಿದ ಅಡಿಕೆಯ ಹತ್ತಿರ ನಿಂತಾಗ ಅಪ್ಪ ಹಿಂದಿನ ಸೀಟಿನಿಂದ "ಹ್ಞೂಂ" ಅಂದರು. ಇಡೀ ಹುಡುಕಾಟದಲ್ಲಿ ಅವರ ಮೊದಲ ಹ್ಞೂಂ.

ಇನ್ನೊಂದು ವಿಷಯ. ಜೋರಾಗಿ ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದ ಹಾಗೆ ನೋಡುವ ಎಬಿಎಸ್ ಎಲ್ಲ ಹೊಸ ಕಾರುಗಳಿಗೂ ಕಡ್ಡಾಯ ಆಗಿದ್ದು 2019ರ ಏಪ್ರಿಲ್‌ನಲ್ಲಿ. ಅದಕ್ಕೂ ಹಿಂದಿನ ಕಾರುಗಳಲ್ಲಿ ಕಡಿಮೆ ಬೆಲೆಯ ವೇರಿಯಂಟ್ ತೆಗೆದುಕೊಂಡರೆ ಎಷ್ಟೋ ಸಲ ಅದು ಇರುವುದಿಲ್ಲ. ಬಲೆನೊಗೆ 2015ರಲ್ಲಿ ಬಂದಾಗಿನಿಂದಲೇ ಎಲ್ಲ ವೇರಿಯಂಟಿನಲ್ಲೂ ಎರಡು ಏರ್‌ಬ್ಯಾಗ್, ಎಬಿಎಸ್ ಇದೆ. ಮಳೆಗಾಲದಲ್ಲಿ ಈ ಏರು ಇಳಿಯುವವರಿಗೆ ಅದು ಸಣ್ಣ ಮಾತಲ್ಲ.

ಈ ಕಾರು 2016ರ ಡೆಲ್ಟಾ ವೇರಿಯಂಟ್, ಎರಡನೇ ಓನರ್, 58 ಸಾವಿರ ಓಡಿದೆ. ಈ ಸಲ ಬಾನೆಟ್ ತಣ್ಣಗಿತ್ತು. ಕಾಕ ಒಂದು ಗಂಟೆ ನೋಡಿದರು. ಫೆಂಡರಿನ, ಅಂದರೆ ಮುಂದಿನ ಚಕ್ರದ ಮೇಲಿನ ತಗಡಿನ, ಬೋಲ್ಟುಗಳ ತಲೆಯ ಮೇಲೆ ಬಣ್ಣ ಕಿತ್ತಿದೆಯಾ, ಅಂದರೆ ಸ್ಪಾನರ್ ಬಿದ್ದಿದೆಯಾ ಅಂತ ನೋಡಿದರು. ಎಡಗಡೆ ಒಂದಕ್ಕೆ ಬಿದ್ದಿತ್ತು. ಬಂಪರ್ ಜೊತೆ ಫೆಂಡರ್ ಬದಲಾಗಿದೆ, ಆಪ್ರಾನ್, ಅಂದರೆ ಅದರ ಒಳಗಿನ ಬಾಡಿಯ ತಗಡು, ಸರಿಯಾಗಿದೆ, ಚಿಂತೆ ಇಲ್ಲ ಅಂದರು. ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆಯಲು ಹೇಳಿದರು. ನೀರಿನಲ್ಲಿ ಮುಳುಗಿದ ಗಾಡಿಯ ಸೀಟು, ಕಾರ್ಪೆಟ್ ತೊಳೆಯುತ್ತಾರೆ. ಬೆಲ್ಟಿನ ಒಳಗೆ ಸುತ್ತಿಕೊಂಡಿರುವ ಭಾಗ ಯಾರೂ ತೊಳೆಯುವುದಿಲ್ಲ, ಕೆಸರಿನ ಗೆರೆ ಅಲ್ಲೇ ಉಳಿಯುತ್ತದೆ. ಇದರದ್ದು ಶುದ್ಧವಾಗಿತ್ತು. ಸ್ಟೆಪ್ನಿಯ ಗುಂಡಿಯಲ್ಲಿ ಮಾತ್ರ ಒಣ ಅಡಿಕೆ ಸಿಪ್ಪೆ. "ಇದು ನಮ್ಮೂರಿನದ್ದೇ ಗಾಡಿ" ಅಂತ ಕಾಕ ನಕ್ಕರು.

ಹಿಂದಿನ ಟಯರಿನ ಬದಿಯಲ್ಲಿ ನಾಲ್ಕು ಅಂಕಿ: 0916. 2016ರ ಒಂಬತ್ತನೇ ವಾರದ್ದು. ಟಯರಿನ ಗೀರು ಇನ್ನೂ ಆಳ ಇತ್ತು, ಆದರೆ ರಬ್ಬರ್ ಬಿರುಕು ಬಿಟ್ಟಿತ್ತು. ಟಯರಿಗೆ ಸವೆತದಷ್ಟೇ ವಯಸ್ಸೂ ಮುಖ್ಯ ಅಂತ ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಚೌಕಾಸಿಗೆ ಅದೇ ಆಯುಧ ಆಯಿತು.

ಮನೆಗೆ ಬಂದು ಇನ್ನೊಂದು ನೋಡಿದೆ. 2015ರ ಆಗಸ್ಟಿನಿಂದ 2016ರ ಮೇ ತಿಂಗಳ ನಡುವೆ ತಯಾರಾದ ಸುಮಾರು 75 ಸಾವಿರ ಬಲೆನೊಗಳನ್ನು ಏರ್‌ಬ್ಯಾಗಿನ ಸಾಫ್ಟ್‌ವೇರ್ ಸರಿಮಾಡಲು ಕಂಪನಿ ವಾಪಸ್ ಕರೆದಿತ್ತು. ನಮ್ಮದು ಅದೇ ಲೆಕ್ಕದಲ್ಲಿ ಬರುತ್ತದೆ. ಸರ್ವಿಸ್ ದಾಖಲೆ ತೆಗೆಸಿದೆ, ಆ ಕೆಲಸ ಆಗಿತ್ತು. ಸರ್ಕಾರದ ವಾಹನ ವೆಬ್‌ಸೈಟ್ ಪರಿವಾಹನ್‌ನಲ್ಲಿ ಇನ್ಶೂರೆನ್ಸ್ ತಾರೀಕು, ಸಾಲ, ಬಾಕಿ ಚಲನ್ ನೋಡಿದೆ. ಒಂದು ಕ್ಯಾಮೆರಾ ದಂಡ ಬಾಕಿ ಇತ್ತು, ಅವರೇ ಕಟ್ಟಿದರು.

ಕೇಳಿದ್ದು 4 ಲಕ್ಷದ 10 ಸಾವಿರ. ಟಯರು ತೋರಿಸಿದೆ. ಬಿರುಕಿಗೆ ಬೆರಳು ಇಟ್ಟು ತೋರಿಸಿದೆ. ಮೂರು ಸಲ ಎದ್ದು ಹೊರಟೆವು, ಎರಡು ಸಲ ಚಹಾ ಬಂತು. 3 ಲಕ್ಷದ 75ಕ್ಕೆ ನಿಂತಿತು. ಕರಾರುಪತ್ರ ಮಲಯಾಳದಲ್ಲಿತ್ತು. ಅಪ್ಪನಿಗೆ ಮಲಯಾಳ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. ಶಾಲೆಯಲ್ಲಿ ಕಲಿತದ್ದು ಕನ್ನಡ. ನಾನು ಒಂದೊಂದೇ ಸಾಲು ಓದಿ ಹೇಳಿದೆ, ಅವರು ಕನ್ನಡದಲ್ಲಿ ರುಜು ಹಾಕಿದರು. ಕಾರನ್ನು ನಮ್ಮ ಹೆಸರಿಗೆ ಮಾಡುವ ಫಾರ್ಮ್ 29, 30 ಅದೇ ದಿನ. ಇನ್ಶೂರೆನ್ಸನ್ನು ನಮ್ಮ ಹೆಸರಿಗೆ ಮಾಡಿಸಲು 14 ದಿನದ ಒಳಗೆ ಅರ್ಜಿ ಕೊಡಬೇಕು, ಕೊಟ್ಟೆವು. ಕ್ಲೇಮ್ ಮಾಡದ ವರ್ಷಗಳಿಗೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ, ನೋ ಕ್ಲೇಮ್ ಬೋನಸ್, ಹಳೆಯ ಓನರಿನದ್ದು, ಕಾರಿನ ಜೊತೆ ಬರುವುದಿಲ್ಲ. ಬ್ರೋಕರ್ ಬರುತ್ತದೆ ಅಂದಿದ್ದ, ಪಾಪ.

ಅಪ್ಪ ಮುಟ್ಟಬೇಡಿ ಅಂದಿದ್ದ 25 ಸಾವಿರದಲ್ಲಿ ನಾಲ್ಕು ಟಯರು ಬಂತು. ಬ್ಯಾಟರಿ ಕೇಳುವ ಧೈರ್ಯ ನನಗೆ ಇನ್ನೂ ಬಂದಿಲ್ಲ.

ಇದು ಜೂನ್ ತಿಂಗಳ ವಿಡಿಯೋ. ಶಬ್ದ ಕೇಳುತ್ತಿದೆಯಲ್ಲ, ಮಳೆ. ಮಂಗಳೂರಿನಿಂದ ಬಂದಿದ್ದೇವೆ, ಅಮ್ಮ ಪಕ್ಕದಲ್ಲಿ, ಡಿಕ್ಕಿಯಲ್ಲಿ ಅಕ್ಕಿಮೂಟೆ. ಕಾಂಕ್ರೀಟ್ ಮುಗಿದಲ್ಲಿ ಮುಂದಿನ ಚಕ್ರ ಗಿರ್ರನೆ ತಿರುಗಿತು. ಹೊಸ ಟಯರೇ. ಇನ್ನೊಂದು ಸಲ. ಮತ್ತೆ ಗಿರ್ರ್. ಕಾಕನಿಗೆ ಫೋನ್ ಮಾಡಿದೆ. "ಕೆಳಗೆ ಹೋಗಿ ತಿರುಗಿಸು ಮೋಳೇ, ರಿವರ್ಸಿನಲ್ಲಿ ಹತ್ತಿಸು." ಹಿಮ್ಮುಖ ಹತ್ತಿದರೆ ಭಾರವೆಲ್ಲ ಬರುವುದು ಎಳೆಯುವ ಚಕ್ರದ ಮೇಲೆ.

"ಹಿಂದೆ ಹಿಂದೆ ಹೋಗಿ ಮನೆ ಸೇರುವುದಾ?" ಅಂದರು ಅಮ್ಮ. ಮೇಲಿನ ಹಿಡಿಕೆ ಹಿಡಿದು, ಕಣ್ಣು ಮುಚ್ಚಿದರು.

ತೋಟ ನಮ್ಮ ಕಣ್ಣೆದುರಿಗೇ ಕೆಳಗೆ ಇಳಿಯುತ್ತಾ ಹೋಯಿತು. ಕೆಳಗೆ ಗ್ಯಾಸಿನ ಹುಡುಗ ಕೊಡೆ ಹಿಡಿದು ನಿಂತಿದ್ದ. ನಾವು ಅಂಗಳ ಮುಟ್ಟಿದ ಮೇಲೆ ಫೋನ್ ಬಂತು. "ಓಮ್ನಿ ಕೊಟ್ಟಾಯ್ತಾ ಅಕ್ಕಾ?"